ಶಾಂತವಾಗಿ ಕೂತಿದ್ದಕ್ಕೆ ಸಮನ್ಸ್ ಬಂದಿದೆ. ಪ್ರತಿಭಟನೆಗೆ ನಿಜವಾಗಿಯೂ ಅನುಮತಿ ಬೇಕಾ?

ಮಲೆನಾಡ ಮಳೆ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಮಲೆನಾಡು ಭಾಗದಲ್ಲಿ ನನಗೆ ಮೂರು ಎಕರೆ ಕಾಫಿ ಇದೆ. ಕಳೆದ ವರ್ಷ ಕೊಯ್ಲಿನ ಸಮಯದಲ್ಲಿ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳನ್ನು ಬೆಳಗ್ಗೆ ಆರೂವರೆಗೆ ಆನೆ ತುಳಿದು ಕೊಂದಿತು. ಅದೇ ದಾರಿಯಲ್ಲಿ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ.

ಮೂರನೇ ದಿನ ನಾವು ಎಪ್ಪತ್ತು ಜನ ತಾಲ್ಲೂಕಿನ ಒಂದು ಕಚೇರಿ ಮುಂದೆ ಕೂತೆವು. ಕೇಳಿದ್ದು ಎರಡೇ. ಆನೆ ಹಿಂಡು ಎಲ್ಲಿದೆ ಅಂತ ಹಿಂದಿನ ರಾತ್ರಿಯೇ ನಮಗೆ ಗೊತ್ತಾಗಬೇಕು. ಸತ್ತವಳ ಮನೆಗೆ ಪರಿಹಾರ ಬೇಗ ಸಿಗಬೇಕು. ಕಲ್ಲು ಎತ್ತಿಲ್ಲ, ಟೈರ್ ಸುಟ್ಟಿಲ್ಲ, ಯಾರಿಗೂ ಬೈದಿಲ್ಲ. ಗೇಟಿನ ಒಂದು ಪಕ್ಕ ಬಿಟ್ಟೇ ಕೂತಿದ್ದೆವು, ಕಚೇರಿಗೆ ಬಂದವರು ಓಡಾಡುತ್ತಲೇ ಇದ್ದರು. ಹಿಂದಿನ ದಿನವೇ ಠಾಣೆಗೆ ಹೋಗಿ ಮನವಿ ಕೊಟ್ಟಿದ್ದೆವು. ಆದರೆ ಅದಕ್ಕೆ ಸ್ವೀಕೃತಿ ಬರೆಸಿಕೊಳ್ಳಲಿಲ್ಲ. "ಆಯ್ತು ಹೋಗಿ" ಅಂದರು, ನಾವು ನಂಬಿದೆವು.

ಈಗ ಹನ್ನೊಂದು ಜನರಿಗೆ ಸಮನ್ಸ್ ಬಂದಿದೆ. ಅಕ್ರಮ ಕೂಟ, ದಾರಿಗೆ ಅಡ್ಡಿ, ನಿಷೇಧಾಜ್ಞೆ ಉಲ್ಲಂಘನೆ ಅಂತ ಸೆಕ್ಷನ್ ಹಾಕಿದ್ದಾರೆ. ನಿಷೇಧಾಜ್ಞೆ ಇತ್ತು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬರು ಸತ್ತವಳ ಅತ್ತೆ. ಅವರಿಗೆ ಅರವತ್ತೆಂಟು ವರ್ಷ. ಸಮನ್ಸ್ ಕಾಗದ ಹಿಡಿದುಕೊಂಡು ಬಂದು "ನಾನೇನು ತಪ್ಪು ಮಾಡಿದೆ ಮಗ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಾಂತವಾಗಿ ಕೂರುವುದಕ್ಕೂ ಅನುಮತಿ ಬೇಕಾ? ತಿಳಿದವರು ದಯವಿಟ್ಟು ಹೇಳಿ.

ಬಿ.ಎಂ. ರಸ್ತೆ ಅಂಗಡಿ

ಆ ಅಮ್ಮನ ವಿಷಯ ಓದಿ ಬೇಜಾರಾಯ್ತು ಅಣ್ಣ. ಆದರೂ ನನ್ನ ಕಷ್ಟವನ್ನೂ ಕೇಳಿ. ಹಾಸನದಲ್ಲಿ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಸಣ್ಣ ಬೇಕರಿ. ಬಂದ್ ಅಂದರೆ ನನಗೆ ಎದೆ ಝಲ್ ಅನ್ನುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಬನ್ನು, ಬ್ರೆಡ್ಡು ಬೇಯಿಸಿ ಇಟ್ಟಿರುತ್ತೇವೆ. ಎಂಟು ಗಂಟೆಗೆ ಯಾರೋ ಬಂದು ಷಟರ್ ಎಳೆಸುತ್ತಾರೆ. ಅಷ್ಟೂ ಮಾಲು ಹಾಳು. ಒಮ್ಮೆ ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಎನ್.ಆರ್. ವೃತ್ತದ ಹತ್ತಿರ ಮುಕ್ಕಾಲು ಗಂಟೆ ಆಟೋದಲ್ಲಿ ಕೂತಿದ್ದೆವು. ಮುಂದೆ ಮೆರವಣಿಗೆ, ಹಿಂದೆ ಬಸ್ಸು. ಪ್ರತಿಭಟನೆಗೆ ಒಂದು ಲಗಾಮು ಬೇಡವೇ? ಕಾನೂನು ಇರಲೇಬೇಕು ಅಂತ ನನ್ನ ಅಭಿಪ್ರಾಯ.

ಕಪ್ಪು ಕೋಟು

ನಾನು ಹಾಸನದಲ್ಲಿ ವಕೀಲಿ ಮಾಡುತ್ತೇನೆ. ಮಳೆಯವರಿಗೆ ಮೊದಲು.

ಸಂವಿಧಾನದ 19(1)(ಬಿ) ವಿಧಿ ಓದಿ. ಆಯುಧ ಇಲ್ಲದೆ, ಶಾಂತಿಯಿಂದ ಸೇರುವ ಹಕ್ಕು ಪ್ರತಿ ನಾಗರಿಕನಿಗೂ ಇದೆ. 19(3) ಅದಕ್ಕೆ ಮಿತಿ ಹಾಕಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಆದರೆ ಎರಡೇ ಕಾರಣಕ್ಕೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಒಂದು, ಸಾರ್ವಜನಿಕ ಸುವ್ಯವಸ್ಥೆ ಇನ್ನೊಂದು. ಆ ಮಿತಿಯೂ ನ್ಯಾಯವಾಗಿರಬೇಕು. ಹಾಗಾಗಿ ಹಕ್ಕೇ ಮೊದಲು, ಮಿತಿ ಆಮೇಲೆ. ನಾವು ಮಾತ್ರ ಠಾಣೆ ಮುಂದೆ ಕೈಕಟ್ಟಿ ನಿಂತು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ನಿಷೇಧಾಜ್ಞೆಗೆ ಎಲ್ಲರೂ ಈಗಲೂ "144" ಅನ್ನುತ್ತೇವೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ನಂಬರ್ ಬದಲಾಗಿದೆ, ಒಳಗಿರುವುದು ಹೆಚ್ಚುಕಡಿಮೆ ಹಳೆಯದೇ. ಡಿ.ಸಿ., ಎ.ಸಿ. ಅಥವಾ ಅಧಿಕಾರ ಕೊಟ್ಟಿರುವ ಮ್ಯಾಜಿಸ್ಟ್ರೇಟ್ ಅದನ್ನು ಹೊರಡಿಸುತ್ತಾರೆ. ಬರಹದಲ್ಲೇ ಇರಬೇಕು. ಆ ಪ್ರಕರಣದ ಸಂಗತಿಗಳೇನು ಅಂತ ಆದೇಶದಲ್ಲೇ ಹೇಳಿರಬೇಕು. ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ರಾಜ್ಯ ಸರ್ಕಾರ ಬೇಕಿದ್ದರೆ ಇನ್ನು ಆರು ತಿಂಗಳವರೆಗೆ ಮುಂದುವರಿಸಬಹುದು. ಆದೇಶದಿಂದ ತೊಂದರೆಯಾದವರು ಅದೇ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ, ರದ್ದು ಮಾಡಿ ಅಥವಾ ಬದಲಿಸಿ ಅಂತ ಕೇಳಬಹುದು. ಅವರು ಅರ್ಜಿದಾರರ ಮಾತು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಈ ದಾರಿ ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ.

ನಿಮ್ಮ ಕೇಸಿನಲ್ಲಿ ಮೊದಲ ಕೆಲಸ ಆ ಆದೇಶದ ಪ್ರತಿ ತರಿಸುವುದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಅದು ಕೈಗೆ ಬರುವ ತನಕ ಯಾರೂ ತಪ್ಪೊಪ್ಪಿಗೆ ಕೊಟ್ಟು ದಂಡ ಕಟ್ಟಬೇಡಿ. "ಐನೂರು ಕಟ್ಟಿ ಮುಗಿಸಿ" ಅಂತ ಹೇಳುವವರು ಇರುತ್ತಾರೆ. ಕಟ್ಟಿದರೆ ತಪ್ಪು ಮಾಡಿದ್ದೇವೆ ಅಂತ ದಾಖಲೆಯಾಗುತ್ತದೆ.

ಕಪ್ಪು ಕೋಟು

ಸೆಕ್ಷನ್‌ಗಳ ಬಗ್ಗೆ ಬರೆಯುವುದು ಬಿಟ್ಟುಹೋಯ್ತು.

ಅಕ್ರಮ ಕೂಟ ಅಂದರೆ ಈಗ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲಿಗೆ ಬಂದದ್ದು) 189. ಐದು ಜನ ಸೇರಿದ ಕೂಡಲೇ ಅಕ್ರಮ ಕೂಟ ಅಂತ ಬಹಳ ಜನ ತಿಳಿದಿದ್ದಾರೆ, ಪೇದೆಗಳೂ ಕೆಲವರು. ಹಾಗಾಗಿದ್ದರೆ ಮದುವೆ ದಿಬ್ಬಣವೂ ಅಕ್ರಮ ಕೂಟ ಆಗಬೇಕಿತ್ತು. ಆ ಐವರ ಉದ್ದೇಶ ಕಾನೂನು ಪಟ್ಟಿ ಮಾಡಿರುವ ಉದ್ದೇಶಗಳಲ್ಲಿ ಒಂದಾಗಿರಬೇಕು. ಬಲ ತೋರಿಸಿ ಸರ್ಕಾರವನ್ನು ಹೆದರಿಸುವುದು, ಅಪರಾಧ ಮಾಡುವುದು, ಆಸ್ತಿ ಕಿತ್ತುಕೊಳ್ಳುವುದು, ಹೀಗೆ. ಪರಿಹಾರ ಕೊಡಿ ಅಂತ ನೆಲದ ಮೇಲೆ ಕೂರುವುದು ಆ ಪಟ್ಟಿಯಲ್ಲಿಲ್ಲ.

ನಿಷೇಧಾಜ್ಞೆ ಮೀರಿದ್ದಕ್ಕೆ ಅದೇ ನ್ಯಾಯ ಸಂಹಿತೆಯ 223. ಇದರಲ್ಲಿ ಒಂದು ಮುಖ್ಯ ಅಂಶ ಇದೆ. ಆದೇಶ ಕೊಟ್ಟ ಅಧಿಕಾರಿ, ಅವರ ಮೇಲಿನವರು, ಇಲ್ಲವೇ ಆ ಅಧಿಕಾರಿ ಅಧಿಕಾರ ಕೊಟ್ಟ ಇನ್ನೊಬ್ಬ ಸರ್ಕಾರಿ ನೌಕರರು ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು. ಸುರಕ್ಷಾ ಸಂಹಿತೆಯ 215 ನೋಡಿ. ಪೊಲೀಸರ ಚಾರ್ಜ್‌ಶೀಟ್ ಒಂದೇ ಸಾಲದು. ಅಲ್ಲದೆ ಆದೇಶ ಇದೆ ಅಂತ ಗೊತ್ತಿದ್ದೂ ಮೀರಿರಬೇಕು. ನಿಮಗೆ ಗೊತ್ತೇ ಇರಲಿಲ್ಲ ಅನ್ನುತ್ತೀರಿ. ಕಾಲಮಿತಿಯ ಪ್ರಶ್ನೆಯೂ ಬರಬಹುದು. ಕೂತ ದಿನ, ಎಫ್‌ಐಆರ್ ಆದ ದಿನ, ಚಾರ್ಜ್‌ಶೀಟ್ ಹಾಕಿದ ದಿನ, ಮೂರನ್ನೂ ನಿಮ್ಮ ವಕೀಲರಿಗೆ ಬರೆದುಕೊಡಿ.

ಆ ಅಜ್ಜಿಗೆ ವಕೀಲರನ್ನು ಇಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ನಿವೃತ್ತ ಖಾಕಿ

ನಾನು ಮೂವತ್ತೊಂದು ವರ್ಷ ಇಲಾಖೆಯಲ್ಲಿದ್ದೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಕೆಲಸ ಮಾಡಿದ್ದೇನೆ. ವಕೀಲರು ಹೇಳಿದ್ದು ಸರಿ. ಆದರೆ ರಸ್ತೆಯಲ್ಲಿ ನಿಂತವನ ಮಾತನ್ನೂ ಕೇಳಬೇಕು.

ಡಿಸೆಂಬರಿನಲ್ಲಿ ದತ್ತ ಜಯಂತಿ ಬಂದರೆ ಚಿಕ್ಕಮಗಳೂರಿಗೆ ಹೊರ ಜಿಲ್ಲೆಗಳಿಂದ ಸಿಬ್ಬಂದಿ ತರಿಸುತ್ತಾರೆ. ಚೆಕ್‌ಪೋಸ್ಟ್ ಹಾಕುತ್ತಾರೆ. ಆ ದಿನಗಳಲ್ಲಿ ಒಂದು ಸುಳ್ಳು ಸುದ್ದಿ ಸಾಕು, ಊರು ಹೊತ್ತಿಕೊಳ್ಳುತ್ತದೆ. ಅಲ್ಲಿ ನಿಂತು ರಾತ್ರಿ ಕಳೆದವರಿಗೆ ಗೊತ್ತು. 2003ರಲ್ಲಿ, ಆಗ ವಿಶ್ವ ಹಿಂದೂ ಪರಿಷತ್ ನಾಯಕರಾಗಿದ್ದ ಪ್ರವೀಣ್ ತೊಗಾಡಿಯಾ ಅವರು ದಕ್ಷಿಣ ಕನ್ನಡಕ್ಕೆ ಬರದಂತೆ ಅಲ್ಲಿನ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್ ತಡೆದರು. ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲಾಡಳಿತದ ಪರ ನಿಂತಿತು. ಸ್ಥಳದಲ್ಲಿರುವ ಅಧಿಕಾರಿಗೆ ಪರಿಸ್ಥಿತಿ ಗೊತ್ತಿರುತ್ತದೆ, ಅವರ ತೀರ್ಮಾನದಲ್ಲಿ ಸುಮ್ಮಸುಮ್ಮನೆ ಕೈಹಾಕಬಾರದು ಅನ್ನುವುದು ಆ ತೀರ್ಪಿನ ಸಾರ.

ಹಾಗಂತ ಮಳೆಯವರ ಮೇಲೆ ಕೇಸ್ ಹಾಕಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಮನವಿ ಕೊಟ್ಟಾಗ ಸ್ವೀಕೃತಿ ಕೊಡದೆ ಕಳಿಸಿದ್ದು ತಪ್ಪು. ನಾನು ಕೆಲಸದಲ್ಲಿದ್ದಾಗಲೂ ಇದು ನಡೆಯುತ್ತಿತ್ತು. ಬರೆದುಕೊಟ್ಟರೆ ಜವಾಬ್ದಾರಿ ತಲೆ ಮೇಲೆ ಬರುತ್ತದೆ ಅಂತ ಎಲ್ಲರೂ ಬಾಯಿಮಾತಿನಲ್ಲೇ ಮುಗಿಸುತ್ತಿದ್ದೆವು. ನಾನೂ ಹಾಗೆ ಮಾಡಿದ್ದೇನೆ. ಇವತ್ತು ಆ ಅಜ್ಜಿಯ ಬಗ್ಗೆ ಓದಿದಾಗ ಅದು ನೆನಪಾಗಿ ಮನಸ್ಸಿಗೆ ನೋವಾಯ್ತು.

ಕಪ್ಪು ಕೋಟು

ಖಾಕಿ ಸರ್, ನಿಮ್ಮ ಈ ಮಾತಿಗೆ ನಿಜವಾಗಿಯೂ ಧನ್ಯವಾದ.

2004ರ ತೀರ್ಪು ಒಬ್ಬ ವ್ಯಕ್ತಿ, ಒಂದು ಸಮಯ, ಒಂದು ಜಿಲ್ಲೆಗೆ ಸಂಬಂಧಪಟ್ಟದ್ದು. ಅದನ್ನು ತೋರಿಸಿ ಇಡೀ ಊರಿನ ಬಾಯಿ ಮುಚ್ಚಿಸಲು ಬರುವುದಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಮೂರು ದಿನದ ನಿಷೇಧಾಜ್ಞೆ ಹೊರಡಿಸಿದರು. ಪೌರತ್ವ ಕಾಯ್ದೆ ವಿರುದ್ಧ ಸೇರುವವರನ್ನು ತಡೆಯುವುದಕ್ಕೆ. ಮಾರನೇ ದಿನ ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. 2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಆ ಆದೇಶ ಕಾನೂನುಬಾಹಿರ ಅಂತ ಹೇಳಿತು. ಅದಕ್ಕೂ ಒಂದು ತಿಂಗಳು ಮೊದಲು, ಕಾಶ್ಮೀರದ ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಕೂಡ ಇದೇ ಮಾತು ಹೇಳಿತ್ತು. ನ್ಯಾಯವಾದ ಅಭಿಪ್ರಾಯವನ್ನು ಹತ್ತಿಕ್ಕಲು 144 ಬಳಸಬಾರದು, ಸಂಗತಿಗಳನ್ನು ಆದೇಶದಲ್ಲಿ ಬರೆಯಬೇಕು, ಅದನ್ನು ಜನರಿಗೆ ಗೊತ್ತಾಗುವಂತೆ ಪ್ರಕಟಿಸಬೇಕು.

ಆದರೆ ಒಂದು ವಿಷಯ ನನ್ನನ್ನು ಕಾಡುತ್ತದೆ. ಹೈಕೋರ್ಟ್ ತೀರ್ಪು ಬರುವ ಹೊತ್ತಿಗೆ ಆ ಮೂರು ದಿನ ಕಳೆದು ಸುಮಾರು ಎರಡು ತಿಂಗಳಾಗಿತ್ತು. ಅವತ್ತು ಆಡಬೇಕಿದ್ದ ಮಾತು ಅವತ್ತೇ ಹೋಯ್ತು.

ಆಶಾ ಅಕ್ಕ

ನಾನು ಚಿಕ್ಕಮಗಳೂರು ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾವೆಲ್ಲ ಕೂತಿದ್ದೆವು. ನಾಲ್ಕು ದಿನ. ಊರಿನಿಂದ ರಾತ್ರಿ ಬಸ್ಸಿಗೆ ಹೋಗಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಆ ಚಳಿಯಲ್ಲಿ ನೆಲದ ಮೇಲೆ ಮಲಗಿದೆವು. ಹತ್ತು ಸಾವಿರ ಕೊಡುತ್ತೇವೆ ಅಂತ ಮುಖ್ಯಮಂತ್ರಿಗಳು ಭರವಸೆ ಕೊಟ್ಟ ಮೇಲೆ ಎದ್ದು ಬಂದೆವು.

ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಪ್ರತಿಭಟನೆ ಮಾಡುವ ಹಾಗಿಲ್ಲ ಅಂತ ನಮಗೆ ಹೇಳಿದರು. ಮೊದಲಾದರೆ ಟೌನ್ ಹಾಲ್ ಮೆಟ್ಟಿಲು ಇತ್ತು, ಮೈಸೂರು ಬ್ಯಾಂಕ್ ವೃತ್ತ ಇತ್ತು. ಜನ ನೋಡುತ್ತಿದ್ದರು. ಬಸ್ಸಿನಲ್ಲಿ ಹೋಗುವವರು ತಲೆ ಹೊರಗೆ ಹಾಕಿ "ಏನಮ್ಮಾ ವಿಷಯ?" ಅಂತ ಕೇಳುತ್ತಿದ್ದರು. ಪಾರ್ಕಿನ ಒಳಗೆ ಕೂತರೆ ನಮ್ಮ ಕೂಗು ನಮಗೇ ಕೇಳಿಸುತ್ತದೆ. ಅಲ್ಲಿ ಶೌಚಾಲಯ ಇದೆ, ನೆರಳಿದೆ, ಅದು ನಿಜ, ಹೆಂಗಸರಿಗೆ ಅದು ದೊಡ್ಡ ವಿಷಯ. ಆದರೆ ಹಿಂದೆ ಜೈಲಾಗಿದ್ದ ಜಾಗದ ಕಾಂಪೌಂಡಿನೊಳಗೆ ನಮ್ಮನ್ನು ಕೂರಿಸಿ, ಹೊರಗೆ ಊರು ತನ್ನ ಪಾಡಿಗೆ ಓಡಾಡುತ್ತಿದ್ದರೆ ಏನನ್ನಿಸುತ್ತದೆ ಹೇಳಿ.

ನಮ್ಮ ಚಿಕ್ಕಮಗಳೂರಿನ ಆಜಾದ್ ಪಾರ್ಕ್ ವೃತ್ತದಲ್ಲಿ ಐವತ್ತೇ ಜನ ನಿಂತರೂ ಊರಿಗೆಲ್ಲ ಗೊತ್ತಾಗುತ್ತದೆ. ಅಂಗಡಿಯವರು ನೀರು ಕೊಡುತ್ತಾರೆ. ಅದನ್ನೂ ಒಂದು ದಿನ ಊರಾಚೆಯ ಮೈದಾನಕ್ಕೆ ಕಳಿಸಿಬಿಟ್ಟರೆ ಅನ್ನುವುದೇ ನನ್ನ ಭಯ.

ಬಿ.ಎಂ. ರಸ್ತೆ ಅಂಗಡಿ

ಅಕ್ಕ, ನೀವು ಹೇಳಿದ ರೀತಿ ನಾನು ಯೋಚನೆ ಮಾಡಿರಲಿಲ್ಲ. ಆದರೂ ರಸ್ತೆ ತಡೆ ಮತ್ತು ಬಂದ್ ಬಗ್ಗೆ ನನ್ನ ಪ್ರಶ್ನೆ ಹಾಗೇ ಇದೆ. ವಕೀಲರೇ, ನನ್ನ ಷಟರ್ ಎಳೆಸುವ ಹಕ್ಕು ಯಾರಿಗಾದರೂ ಇದೆಯೇ?

ಕಪ್ಪು ಕೋಟು

ಇಲ್ಲ. ಖಂಡಿತ ಇಲ್ಲ. 1997ರಲ್ಲಿ ಕೇರಳ ಹೈಕೋರ್ಟಿನ ಪೂರ್ಣ ಪೀಠ ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೀವಾಗಿ ಅಂಗಡಿ ಮುಚ್ಚಿ ಬೆಂಬಲ ಕೊಟ್ಟರೆ ಅದು ನಿಮ್ಮ ಹಕ್ಕು. ಮುಚ್ಚಿಸಿದರೆ ಅವರ ತಪ್ಪು.

ರಸ್ತೆಯ ವಿಷಯ ಇಷ್ಟು ಸರಳವಲ್ಲ. 1972ರಲ್ಲಿ ಅಹಮದಾಬಾದಿನ ಹಿಮ್ಮತ್ ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದೇನು ಅಂದರೆ, ಸಾರ್ವಜನಿಕ ರಸ್ತೆಯಲ್ಲಿ ಸಭೆ ನಡೆಸುವುದಕ್ಕೆ ಸರ್ಕಾರ ನಿಯಮ ಮಾಡಬಹುದು, ಪೂರ್ತಿ ಮುಚ್ಚಿಹಾಕಲು ಆಗದು. 2018ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟಿಸುವ ವಿಷಯದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದಾಗಲೂ ಪೂರ್ತಿ ನಿಷೇಧ ಸರಿಯಲ್ಲ ಅಂತಲೇ ಬಂತು. 2020ರ ಅಕ್ಟೋಬರಿನಲ್ಲಿ ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿಯ ಬಗ್ಗೆ ಬಂದ ತೀರ್ಪು ಬೇರೆ ಕಡೆ ವಾಲಿತು. ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ, ಗೊತ್ತು ಮಾಡಿದ ಜಾಗದಲ್ಲೇ ಪ್ರತಿಭಟನೆ ನಡೆಯಬೇಕು ಅಂದಿತು. ಆ ಕೊನೆಯ ಮಾತನ್ನೇ ಹಿಡಿದುಕೊಂಡು ಈಗ ಎಲ್ಲ ಕಡೆ ಮೂಲೆಗೆ ತಳ್ಳುತ್ತಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆಂಬುಲೆನ್ಸಿಗೆ ದಾರಿ ಬಿಡಬೇಕು, ಎಷ್ಟು ಹೊತ್ತು ಅಂತ ಇರಬೇಕು, ಮೈಕ್‌ಗೆ ಬರಹದ ಅನುಮತಿ ಬೇಕು, ರಾತ್ರಿ ಹತ್ತರ ಮೇಲೆ ಮೈಕ್ ಬೇಡ. ಇವೆಲ್ಲ ಸರಿ. ಆದರೆ ಯಾರಿಗೆ ಹೇಳಬೇಕೋ ಅವರ ಕಣ್ಣಿಗೆ ಬೀಳದ ಜಾಗದಲ್ಲಿ ಕೂರಿಸಿದರೆ, ಹಕ್ಕನ್ನು ಕಾಗದದ ಮೇಲೆ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಕೊಂಡ ಹಾಗೆ.

ಗಿರಿಯ ಹುಡುಗಿ

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಹಾಸ್ಟೆಲ್ ವಿಷಯಕ್ಕೆ ನಾವು ಹುಡುಗಿಯರೆಲ್ಲ ಸೇರಿ ಒಂದು ಮೆರವಣಿಗೆ ಮಾಡಬೇಕು ಅಂದುಕೊಂಡಿದ್ದೆವು. ಅಪ್ಪ ಬೇಡವೇ ಬೇಡ ಅಂದರು. "ಒಂದು ಎಫ್‌ಐಆರ್ ಆದರೆ ಸರ್ಕಾರಿ ಕೆಲಸ ಸಿಗಲ್ಲ, ಪಾಸ್‌ಪೋರ್ಟ್ ಸಿಗಲ್ಲ" ಅಂದರು. ನನ್ನ ಗೆಳತಿಯರ ಮನೆಯಲ್ಲೂ ಇದೇ ಮಾತು. ಕೊನೆಗೆ ಹೋದವರು ಆರೇ ಜನ. ನಾನು ಹೋಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ನಿಜವಾಗಿಯೂ ಕೆಲಸ ಸಿಗುವುದಿಲ್ಲವೇ ಸರ್?

ಕಪ್ಪು ಕೋಟು

ತಂಗಿ, ನಿಮ್ಮ ಅಪ್ಪನ ಭಯ ಸುಳ್ಳಲ್ಲ. ಪೊಲೀಸ್ ವೆರಿಫಿಕೇಷನ್‌ನಲ್ಲಿ ಕೇಸ್ ಇದೆ ಅಂತ ಬಂದರೆ ಓಡಾಟ ತಪ್ಪುವುದಿಲ್ಲ. ಆದರೆ ಕೇಸ್ ದಾಖಲಾದ ಮಾತ್ರಕ್ಕೆ ಕೆಲಸ ತಪ್ಪಬೇಕು ಅಂತ ಕಾನೂನಿಲ್ಲ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ನೋಡಿದೆ. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ನೇಮಕ ಮಾಡುವವರು ದೊಡ್ಡದು ಮಾಡದೆ ಬಿಡಬಹುದು ಅಂತ ಉದಾಹರಣೆಯನ್ನೇ ಕೊಟ್ಟಿದೆ. ಅರ್ಜಿಯಲ್ಲಿ ಕೇಳಿದರೆ ಮುಚ್ಚಿಡಬೇಡಿ, ಅಷ್ಟೇ. ಮುಚ್ಚಿಟ್ಟರೆ ತೊಂದರೆ ಜಾಸ್ತಿ.

ಹಳೇ ತಲೆ

ನನಗೆ ಎಂಬತ್ತೊಂದು. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ನಮ್ಮ ಮಲೆನಾಡಿಗೆ ಇದು ಹೊಸದಲ್ಲ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರ ಜೊತೆ ಜೈಲಿಗೆ ಹೋದರು. ಅದೇ ಲೋಹಿಯಾ 1954ರಲ್ಲಿ ಉತ್ತರ ಪ್ರದೇಶದಲ್ಲಿ, ನಾಲೆ ನೀರಿನ ದರ ಏರಿಸಿದ್ದನ್ನು ಕಟ್ಟಬೇಡಿ ಅಂತ ರೈತರಿಗೆ ಭಾಷಣ ಮಾಡಿದರು. ಮತ್ತೆ ಬಂಧಿಸಿದರು. 1960ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಂಧಿಸಲು ಬಳಸಿದ್ದ ಸೆಕ್ಷನ್ನನ್ನೇ ಹೊಡೆದುಹಾಕಿತು. ಮಾತಿಗೂ ಗಲಭೆಗೂ ಹತ್ತಿರದ ಸಂಬಂಧ ಇರಬೇಕು, ಎಲ್ಲೋ ದೂರದ ಊಹೆ ಸಾಲದು ಅಂದಿತು. ಐದು ವರ್ಷದ ನಂತರ ಅವರದೇ ಇನ್ನೊಂದು ಬಂಧನದ ಕೇಸಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದು ಚಿತ್ರ ಕೊಟ್ಟರು. ಮೂರು ವೃತ್ತ. ಹೊರಗಿನ ದೊಡ್ಡ ವೃತ್ತ ಕಾನೂನು ಪಾಲನೆ. ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ. ನಡುವಿನ ಚಿಕ್ಕದು ದೇಶದ ಭದ್ರತೆ. ಹೊರಗಿನ ವೃತ್ತದಲ್ಲಿ ಆಗುವ ಪ್ರತಿ ಸಣ್ಣ ಗದ್ದಲವನ್ನೂ ಒಳಗಿನ ವೃತ್ತಕ್ಕೆ ಎಳೆಯಬಾರದು. ಗೇಟಿನ ಮುಂದೆ ಎಪ್ಪತ್ತು ಜನ ಕೂತರೆ ಅದು ಯಾವ ವೃತ್ತ? ನನಗೆ ಕೇಳಿದರೆ ಹೊರಗಿನದರಲ್ಲೂ ಇಲ್ಲ.

ಮಳೆ, ಆ ತಾಯಿಗೆ ಹೇಳು. ಲೋಹಿಯಾ ಮೇಲೂ ಕೇಸ್ ಹಾಕಿದ್ದರು, ಗೋಪಾಲಗೌಡರ ಮೇಲೂ ಹಾಕಿದ್ದರು ಅಂತ. ನಾಚಿಕೆಪಡುವಂಥದ್ದು ಅವರೇನೂ ಮಾಡಿಲ್ಲ.

ಆಶಾ ಅಕ್ಕ

ತಾತ, ಇದನ್ನು ನಮ್ಮ ಸಂಘದ ಗ್ರೂಪಿಗೆ ಹಾಕುತ್ತೇನೆ. ನಿಮ್ಮ ಮೊಮ್ಮಗನಿಗೂ ಥ್ಯಾಂಕ್ಸ್. ಇನ್ನೊಂದು ನೆನಪಾಯ್ತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು (ನಿಮ್ಮ ಹಾಸನದ್ದಲ್ಲ, ಅದು ಹೋಬಳಿ) ಮೂರು ವರ್ಷಕ್ಕೂ ಜಾಸ್ತಿ ಕೂತರು. 2025ರ ಜೂನ್‌ನಲ್ಲಿ ಪೊಲೀಸರು ಎತ್ತಿಕೊಂಡು ಹೋದರು. ಜುಲೈನಲ್ಲಿ 1,777 ಎಕರೆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಸರ್ಕಾರವೇ ಹೇಳಿತು. ಕೂತವರ ಮಾತು ಸರಿ ಇತ್ತು ಅಂತಾಯ್ತಲ್ವಾ?

ನಿವೃತ್ತ ಖಾಕಿ

ಒಂದು ಕೆಲಸದ ಮಾತು. ಮುಂದೆ ಯಾರೇ ಕೂರಲಿ, ಮನವಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಅದೇ ಹೊತ್ತಿಗೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆ ಮತ್ತು ಇಮೇಲ್ ಮಾಡಿ. ಎಷ್ಟು ಜನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ಜವಾಬ್ದಾರಿ ಅಂತ ಬರೆಯಿರಿ. ಪೂರ್ತಿ ವಿಡಿಯೋ ಮಾಡಿಟ್ಟುಕೊಳ್ಳಿ, ಎದ್ದು ಹೋಗುವ ತನಕ. ವ್ಯಾನಿಗೆ ಹತ್ತಿಸಿದರೆ ಎಳೆದಾಡಬೇಡಿ. ಸಣ್ಣ ತಳ್ಳಾಟವನ್ನೂ ನೌಕರರ ಮೇಲೆ ಹಲ್ಲೆ ಅಂತ ಬರೆದುಬಿಡಬಹುದು. ಅದು ನ್ಯಾಯ ಸಂಹಿತೆಯ 132, ಎರಡು ವರ್ಷದವರೆಗೆ ಶಿಕ್ಷೆಯ ಸೆಕ್ಷನ್. ಮುಂಜಾಗ್ರತೆ ಬಂಧನ ಅಂತ ಕರೆದೊಯ್ದರೆ ಸುರಕ್ಷಾ ಸಂಹಿತೆಯ 170ರ ಪ್ರಕಾರ 24 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ.

ಬಿ.ಎಂ. ರಸ್ತೆ ಅಂಗಡಿ

ಮಳೆ ಅಣ್ಣ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ನೀವು ಗೇಟಿನ ಒಂದು ಪಕ್ಕ ಬಿಟ್ಟು ಕೂತಿದ್ದೀರಿ. ಎಲ್ಲರೂ ಹಾಗೆ ಕೂತರೆ ನಾನೇ ಬನ್ನು, ಟೀ ತಂದುಕೊಡುತ್ತೇನೆ. ಹಾಸನದ ಕೋರ್ಟಿಗೆ ಯಾವತ್ತಾದರೂ ಬಂದರೆ ಅಂಗಡಿಗೆ ಬನ್ನಿ.

ಮಲೆನಾಡ ಮಳೆ

ಐದು ವಾರ ಆಯ್ತು, ಏನೂ ಬರೆಯಲಿಲ್ಲ, ಕ್ಷಮಿಸಿ. ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತಿದ್ದೆ. ನಿನ್ನೆ ಬಂತು.

ಆದೇಶ ಒಂದೇ ಪುಟ. ನಮ್ಮ ಊರಿನ ಹೆಸರಿಲ್ಲ. ಆನೆ ವಿಷಯ ಇಲ್ಲ. ಯಾರಿಂದ ಏನು ಗಲಭೆ ಆಗುವ ಭಯ ಇತ್ತು ಅಂತಲೂ ಇಲ್ಲ. "ಕಾನೂನು ಸುವ್ಯವಸ್ಥೆ ಕಾಪಾಡುವ ದೃಷ್ಟಿಯಿಂದ" ಅಂತ ಒಂದು ಸಾಲು, ಆಮೇಲೆ ಐದು ಜನ ಸೇರಬಾರದು ಅಂತ ಇನ್ನೊಂದು ಸಾಲು. ಎಲ್ಲಿ ಅಂಟಿಸಿದ್ದರು, ಯಾವ ಪತ್ರಿಕೆಯಲ್ಲಿ ಹಾಕಿದ್ದರು ಅಂತ ಕೇಳಿದ್ದೆ. ಆ ಪ್ರಶ್ನೆಗೆ "ಕಡತದಲ್ಲಿ ಮಾಹಿತಿ ಲಭ್ಯವಿಲ್ಲ" ಅಂತ ಬರೆದಿದ್ದಾರೆ.

ನಮ್ಮ ವಕೀಲರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಯಾರೂ ದಂಡ ಕಟ್ಟಬೇಡಿ" ಅಂದರು. ಕೇಸ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಅರ್ಜಿ ತಯಾರಾಗುತ್ತಿದೆ. ಹನ್ನೊಂದು ಜನರಲ್ಲಿ ಇಬ್ಬರಿಗೆ ಓಡಾಟ ಸಾಕಾಗಿದೆ, ಐನೂರು ಕಟ್ಟಿ ಕೈತೊಳೆದುಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ದಿನಗೂಲಿಯವರು, ಒಂದು ದಿನ ಕೋರ್ಟಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಅವರಿಗೆ ನಾನು ಏನೂ ಹೇಳಲಾರೆ.

ಸತ್ತವಳ ಅತ್ತೆ, ಆ ಅಮ್ಮ ಮಾತ್ರ ಕಟ್ಟುವುದಿಲ್ಲ ಅಂದರು. ತಾತ ಹೇಳಿದ್ದನ್ನು ಅವರಿಗೆ ಓದಿ ಹೇಳಿದೆ. ಲೋಹಿಯಾ ಯಾರು ಅಂತ ಕೇಳಿದರು, ಗೊತ್ತಿದ್ದಷ್ಟು ಹೇಳಿದೆ. "ಸರಿ, ಹದಿನೆಂಟನೇ ತಾರೀಖು ಎಷ್ಟು ಗಂಟೆಗೆ ಹೊರಡಬೇಕು?" ಅಂದರು. ಬೆಳಗ್ಗೆ ಏಳಕ್ಕೆ ಜೀಪ್ ಹೇಳಿದ್ದೇನೆ. ದಾರಿಯಲ್ಲಿ ಆನೆ ಇದ್ದರೆ ಸ್ವಲ್ಪ ತಡವಾಗಬಹುದು.